ತಾತನ ಬಂದೂಕಿಗೆ ಮೊಮ್ಮಗನ ಕೆನ್ನೆ

ಸಿರಿಗೇರಿಯ ಉಜ್ಜಿನಪ್ಪನ ಎಡಗೆನ್ನೆಯ ಮೇಲೆ ಕಿವಿಯ ಬುಡದಿಂದ ಬಾಯಿಯ ಮೂಲೆಯವರೆಗೆ ಒಂದು ಗಾಯದ ಗೆರೆ ಇತ್ತು. ಹೊಸಬರು ಕೇಳಿದರೆ ಊರವರು ತಮಗೆ ತೋಚಿದ್ದು ಹೇಳುತ್ತಿದ್ದರು. ಕರಡಿ ಪರಚಿದ್ದು ಎಂದು ಕೆಲವರು, ಹೆಂಡತಿ ಕೊಟ್ರಬಸಮ್ಮ ಸೌಟಿನಿಂದ ಬಾರಿಸಿದ್ದು ಎಂದು ಚೇಷ್ಟೆಯವರು. ಎರಡೂ ಸುಳ್ಳು. ಆ ಗೆರೆಯನ್ನು ಅವನೇ ಎಳೆದುಕೊಂಡಿದ್ದ. ಹಗಲು ಹೊತ್ತಿನಲ್ಲಿ, ಒಂದು ತೊಟ್ಟು ಕುಡಿಯದೆ, ಸರ್ಕಾರದ ಒಂದು ಕಾಗದಕ್ಕೆ ತನ್ನ ಮುಖ ಹೊಂದಲಿ ಎಂದು ಎಳೆದುಕೊಂಡಿದ್ದ.

ಸಿಟ್ಟು ಬಂದರೆ ಮನುಷ್ಯ ಕುರುಡನಾಗುತ್ತಾನೆ ಅನ್ನುತ್ತಾರೆ. ಉಜ್ಜಿನಪ್ಪನ ವಿಷಯದಲ್ಲಿ ಅದು ಸರಿಯಲ್ಲ. ಸಿಟ್ಟು ಬಂದಾಗ ಅವನ ಕಣ್ಣು ಇನ್ನೂ ಚುರುಕಾಗುತ್ತಿತ್ತು, ಕೈ ಇನ್ನೂ ನೆಟ್ಟಗಾಗುತ್ತಿತ್ತು. ಬುದ್ಧಿಯೊಂದು ಮಾತ್ರ ಎದ್ದು ಹೊರಗೆ ಹೋಗುತ್ತಿತ್ತು.

ಆ ಮನೆಯಲ್ಲಿ ಗಂಡಸರಿಗೆ ಎರಡೇ ಹೆಸರು. ಉಜ್ಜಿನಪ್ಪನ ಮಗ ಗವಿಸಿದ್ದಪ್ಪ, ಗವಿಸಿದ್ದಪ್ಪನ ಮಗ ಉಜ್ಜಿನಪ್ಪ. ಕುಂಟೆ ಹೊಲದ ತುದಿ ಮುಟ್ಟಿ ತಿರುಗಿ ಬರುವ ಹಾಗೆ ತಾತನ ಹೆಸರು ಮೊಮ್ಮಗನಿಗೆ ಬರುತ್ತಿತ್ತು. ಇವನ ತಾಯಿ ವೀರಭದ್ರಮ್ಮ ಮಾವನ ಹೆಸರನ್ನು ಬಾಯಲ್ಲಿ ತರುವವಳಲ್ಲ. ಮಗನಿಗೂ ಅದೇ ಹೆಸರಾದ ಮೇಲೆ ಕರೆಯುವುದು ಹೇಗೆ? ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು 'ತಾತಾ' ಅಂದಳು. ನಲವತ್ತೈದು ವರ್ಷದ ಗಂಡಸಾದರೂ ಹಾಗೇ ಅನ್ನುತ್ತಿದ್ದಳು. ಊರಲ್ಲಿ ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ. ಅಂಥ ಮನೆಗಳು ಬೇಕಾದಷ್ಟಿದ್ದವು.

ಬಂದೂಕು ತಾತನದು. ಬಾಯಿಯಿಂದ ಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಗಜದಿಂದ ಗುದ್ದಿ ತುಂಬುವ ಒಂಟಿ ನಳಿಗೆಯ ಬಂದೂಕು. ಮದರಾಸಿನವರ ಆಳ್ವಿಕೆಯಲ್ಲಿ, ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ, ಬೆಳೆ ಕಾಯಲೆಂದು ಬಳ್ಳಾರಿ ಕಲೆಕ್ಟರು ತಾತನಿಗೆ ಲೈಸನ್ಸು ಕೊಟ್ಟಿದ್ದರು. ತಾತ ನಲವತ್ತನೇ ಇಸವಿಯಲ್ಲಿ ತೀರಿಕೊಂಡ. ಮಗ ಗವಿಸಿದ್ದಪ್ಪ ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ಮನುಷ್ಯ, ಬಂದೂಕನ್ನು ಮುಟ್ಟಲೇ ಇಲ್ಲ. ಅದು ಅವನ ತಲೆಯ ಮೇಲಿಂದ ಹಾರಿ ಇಪ್ಪತ್ತೆರಡು ವರ್ಷದ ಮೊಮ್ಮಗನ ಕೈಗೆ ಬಂತು. ಕಾಗದದಲ್ಲಿ ಇದ್ದದ್ದು 'ಉಜ್ಜಿನಪ್ಪ, ತಂದೆ ಗವಿಸಿದ್ದಪ್ಪ' ಎಂದು. ಹೆಸರು ಅದೇ, ತಂದೆಯ ಹೆಸರೂ ಅದೇ, ಬಂದೂಕೂ ಅದೇ. ಇನ್ನೇನು ಬದಲಾಗಬೇಕಿತ್ತು? ವರ್ಷಕ್ಕೊಮ್ಮೆ ಕರಣಂ ಕಡೆಯ ಆಳು ಊರಿನ ಕಾಗದಗಳನ್ನೆಲ್ಲ ಒಟ್ಟಿಗೆ ಸಿರುಗುಪ್ಪಕ್ಕೆ ಒಯ್ದು ಸೀಲು ಹಾಕಿಸಿ ತರುತ್ತಿದ್ದ. ಮದರಾಸು ಹೋಗಿ ಮೈಸೂರು ಬಂತು, ಸೀಲಿನ ಆಕಾರ ಬದಲಾಯಿತು. ಸತ್ತ ತಾತನಿಗೆ ಲೈಸನ್ಸು ಮಾತ್ರ ತಪ್ಪಲಿಲ್ಲ.

ಮನೆಯೊಳಗೆ ಆ ಬಂದೂಕಿಗೆ ಬೇರೊಂದು ಕಟ್ಟಳೆ ಇತ್ತು. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಉಜ್ಜಿನಪ್ಪ ಬದುವಿನ ಜಗಳಕ್ಕೆ ಮೈ ಉರಿದು ಬಂದೂಕು ತರಲು ಮನೆಗೆ ಓಡಿ ಬಂದಿದ್ದ. ವೀರಭದ್ರಮ್ಮ ಬಾಗಿಲಿಗೆ ಅಡ್ಡ ಮಲಗಿದ್ದಳು. ಮಗ ತಾಯಿಯನ್ನು ದಾಟಲಾರದೆ ಕಂಬಕ್ಕೆ ಹಣೆ ಚಚ್ಚಿಕೊಂಡು ಕೂತಿದ್ದ. ಅವತ್ತೇ ಬಂದೂಕು ಅವಳ ಕೋಣೆಯ ಮರದ ಪೆಟ್ಟಿಗೆ ಸೇರಿತು, ಕೀಲಿ ಅವಳ ಸೊಂಟ ಸೇರಿತು. ಹೊಲಕ್ಕೆ ಹಂದಿ ಬಂದವೆಂದು ಉಜ್ಜಿನಪ್ಪ ಕೇಳಿದರೆ ಅವಳು ಮೊದಲು ಅವನ ಮುಖ ನೋಡುತ್ತಿದ್ದಳು, ಆಮೇಲೆ ಕೀಲಿ ಬಿಚ್ಚುತ್ತಿದ್ದಳು. ಮುಖ ಸರಿ ಕಾಣದ ದಿನ ಹಂದಿಗೆ ಹಬ್ಬ.

ಅರವತ್ಮೂರನೇ ಇಸವಿಯಲ್ಲಿ ಡಂಗುರ ಬಂತು. ಬಂದೂಕಿನ ಕಾಯ್ದೆ ಹೊಸದಾಗಿದೆ, ಹಳೆಯ ಲೈಸನ್ಸು ನಡೆಯುವುದಿಲ್ಲ, ತಿಂಗಳೊಳಗೆ ಲೈಸನ್ಸುದಾರ ಖುದ್ದಾಗಿ ಬಂದೂಕಿನ ಸಮೇತ ಸಿರುಗುಪ್ಪ ಕಚೇರಿಗೆ ಹಾಜರಾಗಬೇಕು, ಅಲ್ಲಿ ಆಳನ್ನೂ ಆಯುಧವನ್ನೂ ಕಾಗದವನ್ನೂ ತಾಳೆ ನೋಡುತ್ತಾರೆ. ಲೈಸನ್ಸಿಲ್ಲದೆ ಇಟ್ಟುಕೊಂಡವರಿಗೆ ಜೈಲು.

ಚಾವಡಿ ಕಟ್ಟೆಯ ಮೇಲೆ ಬೆಂಕಿ ಬಿದ್ದಂತಾಯಿತು. ಜೋಡುನಳಿಗೆಯ ಸಾಹುಕಾರನೊಬ್ಬ ತಾನು ಬೆಂಗಳೂರಿಗೆ ಅರ್ಜಿ ಹಾಕುತ್ತೇನೆಂದ. ಬೇಟೆಗಾರ ಪಕ್ಕೀರಪ್ಪ, ಹಂದಿಗಳಿಗೂ ಡಂಗುರ ಹೊಡೆಸಿದ್ದಾರೋ ಇಲ್ಲವೋ ಕೇಳಿಕೊಂಡು ಬನ್ನಿ ಎಂದು ಉಗುಳಿದ. ಮರುದಿನ ಅವನ ಬಂದೂಕು ಮನೆಯಲ್ಲಿರಲಿಲ್ಲ. ಹೊಳೆಗೆ ಹೋಯಿತೋ ಬಣವೆಗೆ ಹೋಯಿತೋ ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಆ ವಾರವೇ ಕುರುಗೋಡಿನಿಂದ ಉಜ್ಜಿನಪ್ಪನ ಭಾವಮೈದುನ ಜಂಬಣ್ಣ ಬಂದ. ತನ್ನ ಬಂದೂಕಿಗೆ ಎಣ್ಣೆ ಬಳಿದು ಗೋಣಿತಾಟು ಸುತ್ತಿ ಕುರುಗೋಡು ಗುಡ್ಡದ ಬಂಡೆಸಂದಿಯಲ್ಲಿ ಇಟ್ಟು ಬಂದಿದ್ದ.

"ನಿಂದೂ ಕೊಡು ಮಾವಾ, ಅದರ ಮಗ್ಗಲಾಗ ಇಡತೀನಿ," ಅಂದ. "ಸರ್ಕಾರದೋರು ಮನಿ ಎಣಿಸ್ತಾರ, ಬಂಡಿ ಎಣಿಸ್ತಾರೇನು?"

"ಕಳ್ಳ ಇಟ್ಟಂಗ ಇಡಾಕ ಇದೇನು ಕದ್ದ ಮಾಲೇನಲೇ?" ಎಂದು ಉಜ್ಜಿನಪ್ಪ ಮೈಮೇಲೆ ಹೋದ. "ನಮ್ಮ ತಾತಗ ಕಲೆಕ್ಟರು ಕೊಟ್ಟಿದ್ದು."

ಜಂಬಣ್ಣ ಚಹಾ ಕುಡಿದು ಲೋಟ ಕೆಳಗಿಟ್ಟ. "ತಾತಗ ಕೊಟ್ಟಿದ್ದು ಖರೆ," ಅಂದ. "ನಿನಗ ಯಾರು ಕೊಟ್ಟಾರ?"

ಇಪ್ಪತ್ಮೂರು ವರ್ಷಗಳಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉಜ್ಜಿನಪ್ಪನೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಅವತ್ತೇ ಅವನು ಕಾಗದ ತೆಗೆದುಕೊಂಡು ಕಾಡಸಿದ್ದಪ್ಪ ಮಾಸ್ತರರ ಮನೆಗೆ ಹೋದ. ನಿವೃತ್ತ ಮಾಸ್ತರರು ಕನ್ನಡಕ ಏರಿಸಿ ಇಂಗ್ಲಿಷನ್ನು ಒಂದೊಂದೇ ಅಕ್ಷರ ಹೆಕ್ಕಿ ಓದಿದರು. ಹೆಸರು, ತಂದೆಯ ಹೆಸರು, ಊರು. ಅದರ ಕೆಳಗಿನ ಸಾಲು ಮಡಿಕೆಯಲ್ಲಿ ಹರಿದು ಉದುರಿಹೋಗಿತ್ತು. ಅದರ ಕೆಳಗೆ ಮೈಮೇಲಿನ ಗುರುತು: ಎಡಗೆನ್ನೆಯ ಮೇಲೆ ಕಿವಿಯಿಂದ ಬಾಯಿಯವರೆಗೆ ಉದ್ದನೆಯ ಗಾಯದ ಕಲೆ.

ತಾತನ ಮುಖ ಉಜ್ಜಿನಪ್ಪನಿಗೆ ನೆನಪಿತ್ತು, ಕಲೆ ಇದ್ದದ್ದೂ ನೆನಪಿತ್ತು. ತನ್ನ ಕೆನ್ನೆ ಸವರಿಕೊಂಡ. ಬೋಳು. ಹೆಸರು ತಾಳೆಯಾಗುತ್ತದೆ, ತಂದೆಯ ಹೆಸರು ತಾಳೆಯಾಗುತ್ತದೆ, ಕೆನ್ನೆ ಆಗುವುದಿಲ್ಲ. ಕೆನ್ನೆ ತಾಳೆಯಾಗದಿದ್ದರೆ ಬಂದೂಕು ಹೋಗುತ್ತದೆ, ಜೊತೆಗೆ ತಾನೂ ಹೋಗುತ್ತೇನೆ. ಬಂದೂಕು ಹೋದರೆ ಗುಡ್ಡದ ಕಡೆಯ ನಾಲ್ಕು ಎಕರೆ ಶೇಂಗಾ ಹಂದಿಗೆ ಬಿಟ್ಟುಕೊಟ್ಟಂತೆ.

ಮಧ್ಯಾಹ್ನ ಹೊಲದ ಗುಡಿಸಿಲಲ್ಲಿ ಒಬ್ಬನೇ ಕೂತು ಕುಡುಗೋಲು ಮಸೆದ. ನೀರಿನ ಕೊಡಕ್ಕೆ ಬಗ್ಗಿ ಮುಖ ನೋಡಿಕೊಂಡ. ಬೇರೆ ಯಾರಾದರೂ ಆಗಿದ್ದರೆ ಅಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಇವನದು ಏರುತ್ತಲೇ ಇತ್ತು. ಕಾಯ್ದೆ ಮಾಡಿದವರ ಮೇಲೆ, ಜಂಬಣ್ಣನ ಮೇಲೆ, ಒಂದು ಗಾಯವನ್ನೂ ಮಾಡಿಕೊಳ್ಳದೆ ಬೆಳೆದ ತನ್ನ ಬೋಳು ಕೆನ್ನೆಯ ಮೇಲೆ. ಒಂದೇ ಎಳೆತ. ಕೊಡದ ನೀರು ಕೆಂಪಾಯಿತು.

ಕೊಟ್ರಬಸಮ್ಮ ನೋಡಿ ಕೂಗಿಕೊಂಡಳು. ಹೊಲದಲ್ಲಿ ಬಿದ್ದೆ, ಕುಡುಗೋಲು ತಾಗಿತು ಅಂದ. ಅವಳು ಅರಿಶಿನ ಮೆತ್ತಿದಳು. ವೀರಭದ್ರಮ್ಮ ಮಾತ್ರ ಕೂಗಲಿಲ್ಲ. ಹತ್ತಿರ ಬಂದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಆ ಗೆರೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅವರದು ಬಲಗಡಿ ಇತ್ತು," ಅಂದಳು.

ಕಾಗದದಲ್ಲಿ ಎಡ ಎಂದೇ ಇದೆ, ಮಾಸ್ತರರು ಎರಡು ಸಲ ಓದಿದ್ದಾರೆ ಎಂದು ಉಜ್ಜಿನಪ್ಪ ಗೊಣಗಿದ.

"ಇಪ್ಪತ್ತು ವರ್ಷ ಅವರಿಗೆ ಉಣ್ಣಾಕ ನೀಡೀನಿ, ತಾತಾ. ನನಗ ಗೊತ್ತಿಲ್ಲೇನು ಯಾವ ಕೆನ್ನಿ ಅಂತ? ನೀ ಕಾಗದಕ್ಕ ಮಾರಿ ಕೊಯ್ಕೊಂಡಿ. ಅವರಿಗಲ್ಲ."

ಗಾಯ ಮಾಯಲು ಮೂರು ವಾರ ಹಿಡಿಯಿತು. ಮಾಯ್ದರೂ ಎಳೆಯ ಚರ್ಮ ಕೆಂಪಗೆ ಹೊಳೆಯುತ್ತಿತ್ತು, ನಿನ್ನೆಯದು ಎಂದು ಸಾರುತ್ತಿತ್ತು. ದಿನಾ ಒಲೆಯ ಮಸಿಗೆ ಕುಸುಬೆ ಎಣ್ಣೆ ಕಲಸಿ ತಿಕ್ಕಿದ. ಗಡುವಿಗೆ ಎರಡು ದಿನ ಇರುವಾಗ ತಾಯಿಯಿಂದ ಬಂದೂಕು ಈಸಿಕೊಂಡು, ಬಟ್ಟೆ ಸುತ್ತಿ ಬಸ್ಸು ಹತ್ತಿದ.

ಸಿರುಗುಪ್ಪ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಬಂದೂಕುಗಳ ಸಂತೆ ನೆರೆದಿತ್ತು. ಎಲ್ಲರ ಬಾಯಲ್ಲೂ ಸರ್ಕಾರದ ಬೈಗುಳ, ಎಲ್ಲರ ಕೈಯಲ್ಲೂ ಮಡಿಕೆ ಬಿದ್ದ ಕಾಗದ. ಒಳಗೆ ಮೇಜಿನ ಒಂದು ಕಡೆ ಗುಮಾಸ್ತ, ಪಕ್ಕದ ಕುರ್ಚಿಯಲ್ಲಿ ಮೈಸೂರು ಕಡೆಯಿಂದ ಬಂದ ಸಬ್ ಇನ್ಸ್‌ಪೆಕ್ಟರು. ಗುಮಾಸ್ತನ ಮುಂದೆ ಒಂದು ದಪ್ಪ ರಿಜಿಸ್ಟರು. ಅದು ಬಳ್ಳಾರಿಯಿಂದ ತರಿಸಿದ್ದು ಎಂದು ಸಾಲಿನಲ್ಲಿ ಯಾರೋ ಹೇಳಿದರು, ಮದರಾಸಿನ ಕಾಲದ್ದೂ ಅದರಲ್ಲಿದೆಯಂತೆ. ಉಜ್ಜಿನಪ್ಪ ತನ್ನ ಕಾಗದ ಒಂದೇ ಕಾಗದ ಅಂದುಕೊಂಡಿದ್ದ. ಅದಕ್ಕೊಂದು ಜೋಡಿ ಬಳ್ಳಾರಿಯಲ್ಲಿ ಕೂತಿರುತ್ತದೆಂದು ಯಾರು ಬಲ್ಲರು?

ಅವನ ಸರದಿ ಬಂತು. ಗುಮಾಸ್ತ ಹೆಸರು ಓದಿದ, ತಂದೆಯ ಹೆಸರು ಓದಿದ, ನಳಿಗೆಯ ಮೇಲಿನ ನಂಬರು ನೋಡಿದ. ಕತ್ತೆತ್ತಿ ಕೆನ್ನೆ ನೋಡಿದ. ತಲೆಯಾಡಿಸಿದ. ಉಜ್ಜಿನಪ್ಪನ ಎದೆಯೊಳಗಿನ ಕಲ್ಲು ಅರ್ಧ ಇಳಿಯಿತು. ಗುಮಾಸ್ತ ರಿಜಿಸ್ಟರಿನಲ್ಲಿ ಅದರ ಮೇಲಿನ ಸಾಲಿಗೆ ಬೆರಳು ಇಟ್ಟ. ಕಾಗದದಲ್ಲಿ ಹರಿದುಹೋದ ಸಾಲು ಅದೇ. ಬೆರಳು ಅಲ್ಲೇ ನಿಂತಿತು.

"ಇಪ್ಪತ್ತೆರಡನೇ ಇಸ್ವಿ, ವಯಸ್ಸು ಐವತ್ತು," ಎಂದು ಓದಿ ಬಾಯಲ್ಲೇ ಲೆಕ್ಕ ಹಾಕಿದ. "ಅಂದ್ರ ಈಗ ತೊಂಬತ್ತೊಂದು. ಯಜಮಾನ್ರ, ಹಲ್ಲು ಭಾಳ ಗಟ್ಟಿ ಅದಾವಲ್ರಿ ನಿಮ್ಮವು?"

ಸಾಲೆಲ್ಲ ನಕ್ಕಿತು. ಸಬ್ ಇನ್ಸ್‌ಪೆಕ್ಟರು ನಗಲಿಲ್ಲ. ಎದ್ದು ಬಂದು ಕೆನ್ನೆಗೆ ಬೆರಳು ಒತ್ತಿ ಉಜ್ಜಿದರು. ಬೆರಳಿಗೆ ಮಸಿ ಹತ್ತಿತು, ಅದರ ಕೆಳಗಿನ ಎಳೆಯ ಕೆಂಪು ಕಂಡಿತು. ಇದು ಯಾರ ಬಂದೂಕು ಎಂದು ಕೇಳಿದರು.

"ಉಜ್ಜಿನಪ್ಪಂದು. ನಾನs ಉಜ್ಜಿನಪ್ಪ," ಅಂದ ಇವನು. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಕಾನ್‌ಸ್ಟೇಬಲ್ಲೊಬ್ಬ ಬಾಗಿಲಿಂದ ಒಳಗೆ ಬಂದ.

ಬಂದೂಕು ಅಲ್ಲೇ ಉಳಿಯಿತು. ಗುರುವಾರ ತಾವೇ ಸಿರಿಗೇರಿಗೆ ಬಂದು ವಿಚಾರಣೆ ಮಾಡುವುದಾಗಿ ಸಬ್ ಇನ್ಸ್‌ಪೆಕ್ಟರು ಹೇಳಿದರು. ಮನೆಯ ಹಿರಿಯರು ಯಾರಿದ್ದಾರೋ ಅವರ ಹೇಳಿಕೆ ಬೇಕು. ಊರು ಬಿಟ್ಟು ಹೋದರೆ ಕೇಸು ಇನ್ನೂ ಬಿಗಿಯಾಗುತ್ತದೆ.

ಹೊರಗೆ ಬೇವಿನ ಬುಡದಲ್ಲಿ ಅರ್ಜಿ ಬರೆದುಕೊಟ್ಟು ಹೊಟ್ಟೆ ಹೊರೆಯುವ ಎರ್ರಣ್ಣ ಕೂತಿದ್ದ. ಎಲ್ಲ ಕೇಳಿಸಿಕೊಂಡು ಅವನೊಂದು ದಾರಿ ತೋರಿಸಿದ. ಮುದುಕ ತೀರಿಕೊಂಡದ್ದು ಹೋದ ವರ್ಷ ಎಂದುಬಿಡಿ. ಹೋದ ವರ್ಷ ಸತ್ತರೆ ನೀನು ವಾರಸುದಾರ, ತಿಳಿಯದೆ ತಡ ಮಾಡಿದವನು, ಅಷ್ಟೇ. ಇಪ್ಪತ್ಮೂರು ವರ್ಷದ ಹಿಂದೆ ಸತ್ತರೆ ನೀನು ಕಳ್ಳ. ಹಳ್ಳಿಯಲ್ಲಿ ಸಾವು ಯಾರು ಬರೆದಿಟ್ಟಿದ್ದಾರೆ? ಮನೆಯ ಹಿರಿಯರು ಒಂದು ಮಾತು ಹೇಳಿದರೆ ಮುಗಿಯಿತು.

ಹಿರಿಯರು ಎಂದರೆ ವೀರಭದ್ರಮ್ಮ. ಗವಿಸಿದ್ದಪ್ಪ ತೀರಿ ಹತ್ತು ವರ್ಷವಾಗಿತ್ತು.

ಮೂರು ದಿನ ಆ ಮನೆಯಲ್ಲಿ ಅದೊಂದೇ ಮಾತು. ಉಜ್ಜಿನಪ್ಪ ಕೇಳಿಕೊಂಡ, ಗದರಿದ, ಉಂಡ ತಟ್ಟೆ ಎಸೆದ, ಮತ್ತೆ ಕೇಳಿಕೊಂಡ. ಕೊಟ್ರಬಸಮ್ಮ ಅತ್ತೆಯ ಕಾಲು ಹಿಡಿದು, ಅವರು ಜೈಲಿಗೆ ಹೋದರೆ ಮಕ್ಕಳ ಗತಿ ಏನು ಅಂದಳು. ವೀರಭದ್ರಮ್ಮ ದಿನಾ ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವವಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗುರುವಾರ ಬೆಳಿಗ್ಗೆ ಪೂಜೆ ಎಂದಿಗಿಂತ ಉದ್ದವಾಯಿತು.

ಚಾವಡಿಯಲ್ಲಿ ಮೇಜು ಹಾಕಿದ್ದರು. ಮೇಜಿನ ಮೇಲೆ ಬಂದೂಕು, ರಿಜಿಸ್ಟರು. ಊರೆಲ್ಲ ನೆರೆದಿತ್ತು. ವೀರಭದ್ರಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಕಂಬಕ್ಕೆ ಆತು ನಿಂತಳು. ಉಜ್ಜಿನಪ್ಪನನ್ನು ಎದುರಿಗೆ ಕೂರಿಸಿದ್ದರು, ಪಕ್ಕದಲ್ಲಿ ಕಾನ್‌ಸ್ಟೇಬಲ್ಲು.

"ಈ ಲೈಸನ್ಸಿನ ಉಜ್ಜಿನಪ್ಪ ನಿಮಗೆ ಏನಾಗಬೇಕಮ್ಮ?" ಎಂದು ಸಬ್ ಇನ್ಸ್‌ಪೆಕ್ಟರು ಕೇಳಿದರು.

"ಮಾವ ಆಗಬೇಕ್ರಿ."

"ಅವರು ತೀರಿಕೊಂಡಿದ್ದು ಯಾವಾಗ?"

ಉಜ್ಜಿನಪ್ಪ ತಾಯಿಯ ಬಾಯಿಯನ್ನೇ ನೋಡುತ್ತಿದ್ದ. ಹೋದ ವರ್ಷ. ಎರಡೇ ಮಾತು. ವೀರಭದ್ರಮ್ಮನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತು. ಅದನ್ನು ಕಂಡಕೂಡಲೇ ಅವನಿಗೆ ಗೊತ್ತಾಗಿಹೋಯಿತು.

"ಇವನ ಹಿರೇ ಮಗಳು ಹುಟ್ಟಿದ ವರ್ಷ ಲಿಂಗೈಕ್ಯ ಆದ್ರು ರೀ. ಆಕಿಗೆ ಈಗ ಎರಡು ಮಕ್ಕಳು."

ಗುಮಾಸ್ತನ ಪೆನ್ನಿನ ಸದ್ದು ಎಲ್ಲರಿಗೂ ಕೇಳಿಸಿತು. ಉಜ್ಜಿನಪ್ಪನ ಕತ್ತಿನ ನರ ಉಬ್ಬಿದವು. ಇಪ್ಪತ್ಮೂರು ವರ್ಷ ಈ ಬಂದೂಕು ಯಾರ ಹತ್ತಿರ ಇತ್ತು ಎಂಬ ಪ್ರಶ್ನೆ ಬಂತು. ನನ್ನ ಹತ್ತಿರ, ಏನು ಮಾಡುತ್ತೀರೋ ಮಾಡಿ ಎಂದು ಕೂಗಲು ಅವನು ಅರ್ಧ ಎದ್ದಿದ್ದ.

"ಕುಂಡ್ರು ತಾತಾ," ಅಂದಳು ತಾಯಿ. ಅವನು ಕೂತ.

ಅವಳು ಸೊಂಟದ ಕೀಲಿ ಬಿಚ್ಚಿ ಮೇಜಿನ ಮೇಲೆ ಬಂದೂಕಿನ ಪಕ್ಕದಲ್ಲಿ ಇಟ್ಟಳು.

"ನನ್ನ ಹತ್ರ ಇತ್ರಿ. ಪೆಟಿಗಿ ನನ್ನ ಕೋಣ್ಯಾಗ, ಕೀಲಿ ನನ್ನ ಸೊಂಟದಾಗ. ಇವನ ಮಾರಿ ನೋಡಿ ಕೊಡತಿದ್ದೆ. ಸಿಟ್ಟಿದ್ದ ದಿನ ಕೊಟ್ಟಿಲ್ಲ. ಹಂದಿ ಬೆಳಿ ತಿಂದು ಹೋದ್ರೂ ಕೊಟ್ಟಿಲ್ಲ. ಕೇಳ್ರಿ ಊರಾಗ. ಇಷ್ಟು ವರ್ಷದಾಗ ಈ ಬಂದೂಕಿಲೆ ಒಬ್ಬ ಮನಶ್ಯಾಗ ಒಂದು ಚರಿ ತಾಗಿಲ್ಲ. ಬೇಡಿ ಹಾಕೋದಿದ್ರ ನನಗ ಹಾಕ್ರಿ."

"ಕೊಟ್ಟ ದಿನ ಇವನೇ ಹಾರಿಸಿದ್ದಾನಲ್ಲ?"

"ಹಾರಿಸ್ಯಾನ. ಇಲ್ಲ ಅಂತ ಹೆಂಗ ಹೇಳಲಿ?"

"ಈ ಕೆನ್ನೆ?"

"ನಿಮ್ಮ ಕಾಗದ ಓದಿಸಿ ಕೊಯ್ಕೊಂಡಾನ. ನಿಮ್ಮ ಕಾಗದನs ತಪ್ಪೈತಿ. ಅವರದು ಬಲಗಡಿ ಇತ್ತು."

ಸಬ್ ಇನ್ಸ್‌ಪೆಕ್ಟರು ರಿಜಿಸ್ಟರು ನೋಡಿದರು, ಉಜ್ಜಿನಪ್ಪನನ್ನು ನೋಡಿದರು. ತಮ್ಮ ಎಡಗೈಯನ್ನು ಎದುರಿಗೆ ಕೂತವನ ಮುಖದ ಕಡೆಗೆ ನೇರ ಚಾಚಿದರು. ಅದು ಅವನ ಬಲಗೆನ್ನೆಯ ಮುಂದೆ ಬಂದು ನಿಂತಿತು. ನಲವತ್ತು ವರ್ಷದ ಹಿಂದೆ ಮೇಜಿನ ಈಚೆ ಕೂತಿದ್ದ ಯಾವನೋ ತನ್ನ ಎಡವನ್ನು ತಾತನ ಎಡ ಎಂದು ಬರೆದಿದ್ದ. ಕಾನ್‌ಸ್ಟೇಬಲ್ಲಿನ ಕೈಯಲ್ಲಿ ಬೇಡಿ ಒಂದು ಸಲ ಕಿಣಿ ಅಂದಿತು.

ಕೊನೆಗೆ ಅವರು ಬರೆಸಿದ ಮಹಜರು ಹೀಗಿತ್ತು: ಲೈಸನ್ಸುದಾರ ತೀರಿಕೊಂಡ ಮೇಲೆ ಬಂದೂಕು ಅವನ ಸೊಸೆಯ ಸುಪರ್ದಿನಲ್ಲಿ ಪೆಟ್ಟಿಗೆಯಲ್ಲಿತ್ತು, ಡಂಗುರ ಕೇಳಿ ಗಡುವಿನೊಳಗೆ ತಂದು ಒಪ್ಪಿಸಿದ್ದಾರೆ. ವೀರಭದ್ರಮ್ಮ ಹೆಬ್ಬೆಟ್ಟು ಒತ್ತಿದಳು. ಹೊರಡುವಾಗ ಉಜ್ಜಿನಪ್ಪನ ಕಡೆ ತಿರುಗಿ, ಬಂದೂಕು ಬೇಕಿದ್ದರೆ ನಿನ್ನ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅರ್ಜಿ ಹಾಕು, ಇನ್ನೊಂದು ಸಲ ಮುಖ ಕೊಯ್ದುಕೊಂಡು ಬಂದರೆ ಆಸ್ಪತ್ರೆಗಲ್ಲ ಜೈಲಿಗೆ ಕಳಿಸುತ್ತೇನೆ ಅಂದರು. ಬಂದೂಕು ಜೀಪು ಹತ್ತಿತು. ಕೀಲಿ ಮೇಜಿನ ಮೇಲೆ ಉಳಿಯಿತು. ಅದನ್ನು ವೀರಭದ್ರಮ್ಮ ತಿರುಗಿ ಸೊಂಟಕ್ಕೆ ಕಟ್ಟಿಕೊಂಡಳು.

ಜೈಲು ತಪ್ಪಿಸಿದ ತಾಯಿಯ ಜೊತೆ ಉಜ್ಜಿನಪ್ಪ ಒಂದು ಬೆಳೆಯ ಕಾಲ ಮಾತು ಬಿಟ್ಟ. ಹೌದು, ಅಂಥವನೇ ಅವನು. ಹಂದಿ ಬಂದರೆ ಡಬ್ಬಿ ಬಡಿದ, ಕೂಗಿದ, ಗಂಟಲು ಹರಿಯಿತು. ಅರ್ಧ ಶೇಂಗಾ ಹೋಯಿತು. ಆ ಮಳೆಗಾಲದಲ್ಲಿ ಕುರುಗೋಡು ಗುಡ್ಡದ ಸಂದಿಯಿಂದ ಜಂಬಣ್ಣ ತನ್ನ ಬಂದೂಕು ತೆಗೆದು ನೋಡಿದರೆ ನಳಿಗೆಯೊಳಗೆ ತುಕ್ಕು ತುಂಬಿ, ಊದಿದರೆ ಉಸಿರೂ ಆಚೆ ಬರುತ್ತಿರಲಿಲ್ಲ. ಅದನ್ನು ಕೇಳಿದ ದಿನ ಉಜ್ಜಿನಪ್ಪ ಮೊದಲ ಸಲ ತಾಯಿಯ ಕೋಣೆಯ ಬಾಗಿಲಿಗೆ ಬಂದು ನಿಂತ.

"ನಿನ್ನ ಹೆಸರಿಲೆ ತಗೊಂಬಾ," ಅಂದಳು ಅವಳು, ಹತ್ತಿ ಹೊಸೆಯುತ್ತ.

ಬಳ್ಳಾರಿಗೆ ಹೋದ. ಅರ್ಜಿಗೆ ಫೋಟೋ ಬೇಕಿತ್ತು. ಸ್ಟುಡಿಯೋದವನು ಮುಖ ಸ್ವಲ್ಪ ಆಚೆ ತಿರುಗಿಸಿ, ಕಲೆ ಕಾಣದ ಹಾಗೆ ತೆಗೆಯುತ್ತೇನೆ, ಉಳಿದದ್ದು ಪೆನ್ಸಿಲ್ಲಿನಿಂದ ಅಳಿಸುತ್ತೇನೆ ಎಂದು ಉಪಕಾರದ ಮಾತಾಡಿದ. ಅದನ್ನು ಅಳಿಸಿದರೆ ನಿನ್ನ ಕ್ಯಾಮೆರಾ ಡಬ್ಬಿ ಒಡೆದುಹಾಕುತ್ತೇನೆ ಎಂದು ಉಜ್ಜಿನಪ್ಪ ಎದ್ದು ನಿಂತ. ಆಮೇಲೆ ಹದಿನಾಲ್ಕು ತಿಂಗಳು ಓಡಾಡಿದ. ವರದಿ ಸಿರುಗುಪ್ಪಕ್ಕೆ ಹೋಯಿತು, ಬಂತು, ಮತ್ತೆ ಹೋಯಿತು. ಕಡೆಗೊಂದು ದಿನ ಬಳ್ಳಾರಿ ಕಚೇರಿಯಲ್ಲಿ ಗುಮಾಸ್ತನ ಎದುರಿಗೆ ಕೂತ. ಹೊಸ ಲೈಸನ್ಸು ಪುಸ್ತಕ, ಹೊಸ ಸೀಲು. ಹೆಸರು, ತಂದೆಯ ಹೆಸರು, ವಯಸ್ಸು ನಲವತ್ತೇಳು. ಮೈಮೇಲಿನ ಗುರುತು ಎಂದು ಗುಮಾಸ್ತ ಕತ್ತೆತ್ತಿದ, ಕಲೆ ನೋಡಿದ, ಕೇಳದೆಯೇ ಬರೆಯಲು ಬಗ್ಗಿದ.

ಉಜ್ಜಿನಪ್ಪ ಅವನ ಮಣಿಕಟ್ಟು ಹಿಡಿದ.

"ಯಾವ ಕೆನ್ನಿ ಅಂತ ಬರಿಯಾಕ ಹತ್ತೀರಿ?"

ಗುಮಾಸ್ತ ಬೆಚ್ಚಿ, ಬಲ ಅಂದ.

"ಎಡ. ನಿಮ್ಮ ಕಡಿಂದ ಅಲ್ಲ, ನನ್ನ ಕಡಿಂದ ನೋಡಿ ಬರೀರಿ. ಇಲ್ಲಾಂದ್ರ ನನ್ನ ಮೊಮ್ಮಗ ಆ ಕಡಿಗೆ ಕೊಯ್ಕೋತಾನ."

ಗುಮಾಸ್ತನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಎಡ ಎಂದೇ ಬರೆದ. ಬರೆದದ್ದನ್ನು ಪಕ್ಕದವರಿಂದ ಓದಿಸಿ ಕೇಳುವವರೆಗೂ ಉಜ್ಜಿನಪ್ಪ ಕೈ ಬಿಡಲಿಲ್ಲ. ಸುತ್ತಲಿನವರು ಬಿಡಿಸಲು ಬಂದರು, ಮಾತಿಗೆ ಮಾತು ಬೆಳೆಯಿತು, ಜವಾನ ಪುಸ್ತಕ ಕೈಗಿತ್ತು ರಟ್ಟೆ ಹಿಡಿದು ಹೊರಗೆ ಕಳಿಸಿದ.

ಸಿರುಗುಪ್ಪದಲ್ಲಿ ಬಂದೂಕು ಬಿಡಿಸಿಕೊಂಡು ಸಂಜೆಯ ಬಸ್ಸಿಗೆ ಊರು ಮುಟ್ಟಿದಾಗಲೂ ಆ ಜವಾನನ ಕೈ ರಟ್ಟೆಯ ಮೇಲೇ ಇದ್ದ ಹಾಗಿತ್ತು. ಚಾವಡಿಯ ಮುಂದೆ ಹಾಯುವಾಗ ಪಕ್ಕೀರಪ್ಪ, ಒಂದು ಸಲ ಹಾರಿಸು, ಹಂದಿಗಳಿಗೆ ಸುದ್ದಿ ಮುಟ್ಟಲಿ ಅಂದ. ಉಜ್ಜಿನಪ್ಪನಿಗೂ ಅದೇ ಬೇಕಿತ್ತು. ಆದರೆ ಮದ್ದು, ಚರೆ, ಗಜ ಎಲ್ಲ ಪೆಟ್ಟಿಗೆಯಲ್ಲಿ. ಮನೆಗೆ ಬಂದು ಹೊಸ ಪುಸ್ತಕವನ್ನು ತಾಯಿಯ ಮುಂದೆ ಇಟ್ಟು, ಇದು ನನ್ನ ಹೆಸರಿಂದು, ನನ್ನ ಫೋಟೋ ಐತಿ, ಕೀಲಿ ಕೊಡಬೇ ಎಂದು ಕೈ ಚಾಚಿದ.

ವೀರಭದ್ರಮ್ಮ ಫೋಟೋ ನೋಡಿದಳು. ಕತ್ತೆತ್ತಿ ಅವನ ಮುಖ ನೋಡಿದಳು. ಕಣ್ಣು, ಮೂಗಿನ ಹೊಳ್ಳೆ, ಕತ್ತಿನ ನರ, ಒಂದೊಂದಾಗಿ. ಆಮೇಲೆ ಬಂದೂಕನ್ನು ಅವನ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಯೊಳಗೆ ಇಟ್ಟು ಕೀಲಿ ತಿರುಗಿಸಿದಳು.

"ಯಾರ ಮ್ಯಾಲೋ ಸಿಟ್ಟಾಗಿ ಬಂದೀ ತಾತಾ. ಉಣ್ಣು ಬಾ. ನಾಳಿ ನೋಡೂಣು."